ಮೂರು ಊರಿನ ನಾಡು ಟೊಕೆಲಾವ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯ ರಸಪ್ರಶ್ನೆಯಲ್ಲಿ ‘ರಾಜಧಾನಿಯೇ ಇಲ್ಲದ ಆಡಳಿತ ಪ್ರದೇಶ ಯಾವುದು?’ ಎಂದು ಕೇಳಿ, ಉತ್ತರ ಟೊಕೆಲಾವ್ ಎಂದು ಕೊಟ್ಟಿದ್ದೆವು. ಅದರ ಬೆನ್ನಿಗೇ ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಪ್ರಶ್ನೆ: ಅಟ್ಲಾಸ್ ತಿರುವಿ ತಿರುವಿ ಸಾಕಾಯಿತು. ಈ ಟೊಕೆಲಾವ್ ಇರುವುದೆಲ್ಲಿ? ಅದು ದೇಶವೇ? (ಸಾಗರ)

ಮೊದಲು ಪೆಸಿಫಿಕ್ ಸಾಗರದಲ್ಲಿ ಸಮೋವಾ ಹುಡುಕಿ. ಅಲ್ಲಿಂದ ಉತ್ತರಕ್ಕೆ ಸುಮಾರು 500 ಕಿ.ಮೀ. ಹೋದರೆ ಓರೆಯಾಗಿ ಮೂರು ಚುಕ್ಕೆ ಸಿಗುತ್ತವೆ: ವಾಯವ್ಯಕ್ಕೆ ಅಟಾಫು, ನಡುವೆ ನುಕುನೊನು, ಆಗ್ನೇಯಕ್ಕೆ ಫಕಾಓಫೊ. ಆ ತುದಿಯಿಂದ ಈ ತುದಿಗೆ 150 ಕಿ.ಮೀ. ಆಸುಪಾಸು. ಮೂರರ ನೆಲವನ್ನೂ ಕೂಡಿಸಿದರೆ ಸುಮಾರು 12 ಚದರ ಕಿ.ಮೀ. ಅಷ್ಟೇ. ಅಟ್ಲಾಸಿನಲ್ಲಿ ಹೆಸರಿನ ಅಕ್ಷರಗಳೇ ದ್ವೀಪಗಳನ್ನು ಮುಚ್ಚಿಬಿಟ್ಟಿರುತ್ತವೆ, ನಿಮ್ಮ ತಪ್ಪಲ್ಲ.

ದೇಶವಲ್ಲ, ನ್ಯೂಜಿಲೆಂಡ್‌ನ ಅಧೀನ ಪ್ರದೇಶ. 1889ರಲ್ಲಿ ಬ್ರಿಟಿಷರ ರಕ್ಷಣೆಗೆ ಬಂತು, 1916ರಲ್ಲಿ ಗಿಲ್ಬರ್ಟ್ ಮತ್ತು ಎಲಿಸ್ ದ್ವೀಪಗಳ ವಸಾಹತಿಗೆ ಸೇರಿತು. 1926ರಲ್ಲಿ ಆಡಳಿತ ನ್ಯೂಜಿಲೆಂಡ್ ಕೈಗೆ ಬಂತು, 1949ರ ಜನವರಿ 1ರಿಂದ ಕಾನೂನಿನ ಪ್ರಕಾರವೇ ಅದರ ಭಾಗ. ಭಾಷೆ, ಬಳಗದ ನಂಟಿನಲ್ಲಿ ನಾಲ್ಕನೆಯದೂ ಒಂದಿದೆ, ಒಲೊಹೆಗಾ. ಅದನ್ನು 1925ರಲ್ಲಿ ಅಮೆರಿಕ ತನ್ನ ಅಧೀನದ ಅಮೆರಿಕನ್ ಸಮೋವಾಕ್ಕೆ ಸೇರಿಸಿಕೊಂಡಿತು. 1980ರ ಒಪ್ಪಂದದಲ್ಲಿ ಆ ಗಡಿ ಗಟ್ಟಿಯಾಯಿತು.

ಪ್ರಶ್ನೆ: ಲಕ್ಷದ್ವೀಪಕ್ಕೆ ನಮ್ಮ ಹಳೇ ಬಂದರಿನಿಂದ ಸರಕು ಹೋಗುವುದನ್ನು ನೋಡುತ್ತಿರುತ್ತೇವೆ. ಟೊಕೆಲಾವ್‌ಗೂ ಹಾಗೆಯೇ ಹೋಗುತ್ತದೆಯೇ? ವಿಮಾನ ಯಾಕಿಲ್ಲ? (ಮಂಗಳೂರು)

ನೆಲದ ಜಾತಿ ಒಂದೇ. ಎರಡೂ ಕಡೆ ಇರುವುದು ಹವಳದ ದಂಡೆಯ ಮೇಲೆ ಕೂತ ಮರಳಿನ ತುಂಡುಗಳು. ಟೊಕೆಲಾವ್‌ನಲ್ಲಿ ಈ ತುಂಡುಗಳು ಉಂಗುರದಂತೆ ಜೋಡಣೆಯಾಗಿವೆ, ಉಂಗುರದ ಒಳಗೆ ತಿಳಿನೀರಿನ ಒಳಗಡಲು, ಹೊರಗೆ ಮಹಾಸಾಗರ. ಒಂದೊಂದು ತುಂಡಿನ ಅಗಲ ಹೆಚ್ಚೆಂದರೆ 200 ಮೀಟರ್, ಸಮುದ್ರಮಟ್ಟದಿಂದ ಎತ್ತರ ಹೆಚ್ಚೆಂದರೆ 5 ಮೀಟರ್. ವಿಮಾನದ ಓಡುದಾರಿ ಹಾಕಿದರೆ ಇರುವ ಅಲ್ಪಸ್ವಲ್ಪ ನೆಲವನ್ನೂ ತೆಂಗನ್ನೂ ಅದೇ ನುಂಗಿಬಿಡುತ್ತದೆ. ಆದ್ದರಿಂದ ಸಮೋವಾದ ಅಪಿಯಾದಿಂದ ಹಡಗೇ ಗತಿ. 2016ರಿಂದ ‘ಮಟಾಲಿಕಿ’ ಎಂಬ ಹಡಗು ಜನರನ್ನೂ ಸರಕನ್ನೂ ಒಯ್ಯುತ್ತಿದೆ. ಒಂದು ಹಗಲು ಒಂದು ರಾತ್ರಿಗೆ ಕಡಿಮೆಯಿಲ್ಲ.

ನಿಜವಾದ ಕಷ್ಟ ಇರುವುದು ಕೊನೆಯ ಕೆಲವು ನೂರು ಮೀಟರಿನಲ್ಲಿ. ಬಂದರೇ ಇಲ್ಲ. ಹವಳದ ದಂಡೆ ದಾಟಿದ ಕೂಡಲೇ ಕಡಲ ತಳ ಕಡಿದಾಗಿ ಇಳಿದುಬಿಡುತ್ತದೆ, ಹಡಗಿನ ಲಂಗರಿಗೆ ಆಸರೆ ಸಿಗದು. ಹಡಗು ಎಂಜಿನ್ ಚಾಲೂ ಇಟ್ಟುಕೊಂಡೇ ಹೊರಗೆ ತೇಲುತ್ತಿರುತ್ತದೆ. ಊರಿನ ಬಾರ್ಜ್ ದೋಣಿ, ದಂಡೆಯನ್ನು ಒಡೆದು ಮಾಡಿದ ಕಿರಿದಾದ ಕಾಲುವೆಯಿಂದ ಹೊರಬಂದು ಹಡಗಿನ ಪಕ್ಕಕ್ಕೆ ನಿಲ್ಲುತ್ತದೆ. ಅಕ್ಕಿ, ಹಿಟ್ಟು, ಸಕ್ಕರೆ, ಇಂಧನದ ಪೀಪಾಯಿ ಎಲ್ಲವೂ ಇಳಿಯುವುದು ಅದರೊಳಕ್ಕೇ. ಮರಳುವಾಗ ದೋಣಿಯವರು ಕಾಲುವೆಯ ಬಾಯಲ್ಲಿ ಹಿಂದಕ್ಕೆ ನೋಡುತ್ತಾ ಕಾಯುತ್ತಾರೆ. ದೊಡ್ಡ ಅಲೆಗಳು ಸಾಲಾಗಿ ಬಂದು ಹೋದ ಮೇಲೆ ಸಿಗುವ ಸಣ್ಣ ಬಿಡುವಿನಲ್ಲಿ ಎಂಜಿನ್ ಪೂರ್ತಿ ಕೊಟ್ಟು ನುಗ್ಗಬೇಕು. ಲೆಕ್ಕ ತಪ್ಪಿದರೆ ಅಲೆ ದೋಣಿಯನ್ನು ಅಡ್ಡ ತಿರುಗಿಸಿ ಹವಳದ ಮೇಲೆ ಎತ್ತಿಹಾಕುತ್ತದೆ.

ಮೂರೂ ಊರು ಗಾಳಿಗೆ ಮರೆಯಾದ ಪಶ್ಚಿಮದ ಬದಿಯಲ್ಲಿವೆ. ಪೂರ್ವದ ಗಾಳಿ ಇರುವ ತಿಂಗಳುಗಳಲ್ಲಿ ಇದು ಅನುಕೂಲ. ನವೆಂಬರಿನಿಂದ ಏಪ್ರಿಲ್‌ವರೆಗಿನ ಚಂಡಮಾರುತದ ಕಾಲದಲ್ಲಿ ಪಶ್ಚಿಮದಿಂದ ದೊಡ್ಡ ಅಲೆಗಳು ಬಂದರೆ ಅದೇ ಅನನುಕೂಲ. ಆಗ ಹಡಗು ಹೊರಗೇ ಕಾಯಬೇಕು, ಇಲ್ಲವೇ ಮುಂದಿನ ಊರಿಗೆ ಹೋಗಬೇಕು. ಸಹಕಾರಿ ಅಂಗಡಿಯಲ್ಲಿ ಹಿಟ್ಟು ಮುಗಿದಿದ್ದರೂ ಅಷ್ಟೇ.

ಪ್ರಶ್ನೆ: ರಾಜಧಾನಿ ಇಲ್ಲದೆ ಸರಕಾರ ನಡೆಯುವುದು ಹೇಗೆ? ವಿಧಾನಸಭೆ ಎಲ್ಲಿ ಕೂರುತ್ತದೆ? (ಮೈಸೂರು)

ನಾವು ಮೇಲಿನಿಂದ ಕೆಳಕ್ಕೆ ನೋಡಿ ರೂಢಿ: ಕೇಂದ್ರ, ರಾಜ್ಯ, ಜಿಲ್ಲೆ, ಪಂಚಾಯಿತಿ. ಟೊಕೆಲಾವ್‌ನಲ್ಲಿ ಕೆಳಗಿನಿಂದ ನೋಡಬೇಕು. ಪ್ರತಿ ಊರಿಗೂ ‘ತಾಉಪುಲೆಗಾ’ ಎಂಬ ಹಿರಿಯರ ಸಭೆ ಇದೆ. ಕುಟುಂಬದ ಯಜಮಾನರು, ವಯಸ್ಸಾದವರು ಅದರಲ್ಲಿ ಕೂರುತ್ತಾರೆ. ಯಾರು ಕೂರಬೇಕೆಂಬ ಕಟ್ಟಳೆ ಊರಿಂದೂರಿಗೆ ಬೇರೆ. ಶಾಲೆ, ಆಸ್ಪತ್ರೆ, ವಿದ್ಯುತ್ತು, ಮೀನಿಗೆ ಹೋಗುವ ದಿನ, ಎಲ್ಲವೂ ಈ ಸಭೆಯ ಕೈಯಲ್ಲಿ. ನ್ಯೂಜಿಲೆಂಡ್‌ನ ಆಡಳಿತಾಧಿಕಾರಿಗಿದ್ದ ಅಧಿಕಾರವನ್ನು 2004ರಲ್ಲಿ ವಹಿಸಿಕೊಟ್ಟಿದ್ದೂ ಈ ಮೂರು ಸಭೆಗಳಿಗೇ. ಮೂರೂ ಊರಿಗೆ ಸೇರಿದ ವಿಷಯವನ್ನಷ್ಟೇ ಅವು ಮೇಲಕ್ಕೆ ಕಳಿಸುತ್ತವೆ.

ಮೇಲೆ ಇರುವುದು 20 ಸದಸ್ಯರ ‘ಜನರಲ್ ಫೊನೊ’. ಇದೇ ಶಾಸನಸಭೆ, 1996ರ ತಿದ್ದುಪಡಿಯಿಂದ ಕಾನೂನು ಮಾಡುವ ಅಧಿಕಾರವೂ ಇದಕ್ಕಿದೆ. ಮೂರು ವರ್ಷಕ್ಕೊಮ್ಮೆ ಚುನಾವಣೆ. ಪ್ರತಿ ಊರೂ ಒಬ್ಬ ‘ಫೈಪುಲೆ’ಯನ್ನೂ (ಊರಿನ ನಾಯಕ) ಒಬ್ಬ ‘ಪುಲೆನುಕು’ವನ್ನೂ (ಊರಾಡಳಿತ ನೋಡಿಕೊಳ್ಳುವವ) ಆರಿಸುತ್ತದೆ. ಈ ಆರು ಮಂದಿಯೇ ಮಂತ್ರಿಮಂಡಲ. ಮೂವರು ಫೈಪುಲೆಗಳು ವರ್ಷಕ್ಕೊಬ್ಬರಂತೆ ಸರದಿಯಲ್ಲಿ ‘ಉಲು ಒ ಟೊಕೆಲಾವ್’, ಅಂದರೆ ಸರಕಾರದ ಮುಖ್ಯಸ್ಥರಾಗುತ್ತಾರೆ. ಮುಖ್ಯಸ್ಥರ ಊರು ಬದಲಾದಂತೆ ರಾಜಧಾನಿಯೂ ಬದಲಾಯಿತು ಎಂದುಕೊಳ್ಳಿ. ಆಯಾ ಊರಿನವರಿಗೆ ಮಾತ್ರ ಅದು ಎಂದಿನ ಊರೇ.

ಪ್ರಶ್ನೆ: ಸ್ವಾತಂತ್ರ್ಯ ಕೊಡುತ್ತೇವೆಂದರೂ ಬೇಡವೆಂದರಂತೆ, ನಿಜವೇ? (ಧಾರವಾಡ)

ಅರ್ಧ ನಿಜ. ಜನಮತಗಣನೆಯಲ್ಲಿ ಕೇಳಿದ್ದು ಪೂರ್ಣ ಸ್ವಾತಂತ್ರ್ಯದ ಬಗ್ಗೆ ಅಲ್ಲ. ಕುಕ್ ದ್ವೀಪಗಳು, ನಿಯುಎ ಇರುವ ಹಾಗೆ, ನ್ಯೂಜಿಲೆಂಡ್ ನಂಟು ಉಳಿಸಿಕೊಂಡೇ ಸ್ವಯಮಾಡಳಿತ ಪಡೆಯುವ ಬಗ್ಗೆ. ಗೆಲ್ಲಲು ಮೂರರಲ್ಲಿ ಎರಡು ಪಾಲು ಮತ ಬೇಕೆಂದು ಮೊದಲೇ ನಿಗದಿಯಾಗಿತ್ತು. 2006ರ ಫೆಬ್ರವರಿಯಲ್ಲಿ ಶೇ. 60 ಬಂತು, ಸಾಲಲಿಲ್ಲ. 2007ರ ಅಕ್ಟೋಬರಿನಲ್ಲಿ 692 ಮತಗಳಲ್ಲಿ 446 ‘ಹೌದು’. ಬೇಕಿದ್ದದ್ದು 462. ಹದಿನಾರೇ ಹದಿನಾರು ಮತದಿಂದ ತಪ್ಪಿತು. ಬಹುಮತದವರು ಬೇಕೆಂದೇ ಹೇಳಿದ್ದರು ಎನ್ನುವುದನ್ನು ಸುದ್ದಿಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಹಾಗಾಗಿ ವಿಶ್ವಸಂಸ್ಥೆಯ ‘ಸ್ವಯಮಾಡಳಿತವಿಲ್ಲದ ಪ್ರದೇಶ’ಗಳ ಪಟ್ಟಿಯಲ್ಲಿ ಟೊಕೆಲಾವ್ ಉಳಿದುಕೊಂಡಿತು.

ಪ್ರಶ್ನೆ: ಇಲ್ಲಿ ಪೊರಿರುವಾದಲ್ಲಿ ಟೊಕೆಲಾವ್ ಮೂಲದವರು ಬಹಳ ಮಂದಿ ಕಾಣುತ್ತಾರೆ. ಊರಿನಲ್ಲಿ ಉಳಿದವರು ಎಷ್ಟು? (ವೆಲಿಂಗ್ಟನ್)

2016ರ ಗಣತಿಯಲ್ಲಿ ಅಟಾಫು 541, ಫಕಾಓಫೊ 506, ನುಕುನೊನು 452: ಒಟ್ಟು 1,499. ನ್ಯೂಜಿಲೆಂಡ್‌ನಲ್ಲಿರುವವರು 2018ರ ಲೆಕ್ಕಕ್ಕೆ ಎಂಟು ಸಾವಿರ ದಾಟಿದ್ದರು. ಎಲ್ಲರೂ ನ್ಯೂಜಿಲೆಂಡ್ ನಾಗರಿಕರೇ, ವೀಸಾದ ಗೋಜಿಲ್ಲ. 1966ರ ಚಂಡಮಾರುತದ ನಂತರ ಸರಕಾರವೇ ಕುಟುಂಬಗಳನ್ನು ಕರೆದೊಯ್ದು ನೆಲೆಗೊಳಿಸಿತ್ತು, ನಿಮ್ಮ ನೆರೆಯವರಲ್ಲಿ ಅನೇಕರು ಆ ಪೀಳಿಗೆಯ ಮಕ್ಕಳು, ಮೊಮ್ಮಕ್ಕಳು. ಇದಕ್ಕೂ ಮುಂಚಿನ ದೊಡ್ಡ ಪೆಟ್ಟು 1863ರದು: ಪೆರುವಿನ ಗುಲಾಮರ ಹಡಗುಗಳು ಸುಮಾರು 250 ಮಂದಿಯನ್ನು, ಅಂದರೆ ಆಗಿನ ಜನಸಂಖ್ಯೆಯ ಅರ್ಧದಷ್ಟನ್ನು, ಹೊತ್ತೊಯ್ದವು.

ಪ್ರಶ್ನೆ: ಅಲ್ಲೂ ತೆಂಗಿನ ನಾಡೆಂದು ಓದಿದೆ. ಬರೀ ತೆಂಗಿನಿಂದ ಹೊಟ್ಟೆ ತುಂಬುತ್ತದೆಯೇ? (ತಿಪಟೂರು)

ಮಣ್ಣೇ ಇಲ್ಲ, ಹವಳದ ಪುಡಿ. ನೀರು ನಿಲ್ಲುವುದಿಲ್ಲ, ಹೊಳೆ ತೊರೆ ಇಲ್ಲ; ಚಾವಣಿಯ ಮಳೆನೀರನ್ನು ತೊಟ್ಟಿಗೆ ಇಳಿಸಿಕೊಳ್ಳಬೇಕು. ತೆಂಗು, ದೀವಿಹಲಸು, ಕೇದಗೆ ಜಾತಿಯ ಗಿಡ ಬದುಕುತ್ತವೆ. ಕೆಸುವಿನ ಬಳಗದ ಪುಲಕಾ ಬೇಕೆಂದರೆ ಅಂತರ್ಜಲ ಸಿಗುವ ತನಕ ಗುಂಡಿ ತೋಡಿ, ಎಲೆಗೊಬ್ಬರ ತುಂಬಿ ನೆಡಬೇಕು. ಬಿರುಗಾಳಿಯಲ್ಲಿ ಅಲೆ ಗುಂಡಿಗೆ ನುಗ್ಗಿದರೆ ಉಪ್ಪಾಗಿ ಗೆಡ್ಡೆ ಕೊಳೆಯುತ್ತದೆ. ಕೊಬ್ಬರಿ ಒಂದು ಕಾಲಕ್ಕೆ ರಫ್ತಾಗುತ್ತಿತ್ತು. ಈಗ ಆದಾಯವೆಂದರೆ ನ್ಯೂಜಿಲೆಂಡ್ ಅನುದಾನ ಮತ್ತು ಹೊರದೇಶದ ಮೀನು ಹಡಗುಗಳು ಕಟ್ಟುವ ಪರವಾನಗಿ ಹಣ.

ಹೊಟ್ಟೆ ತುಂಬಿಸುವುದು ಮೀನು, ಅದನ್ನು ಹಂಚುವುದು ‘ಇನಾತಿ’. ಊರಿನ ಪರವಾಗಿ ಹೋದ ದೋಣಿಗಳ ಮೀನನ್ನೆಲ್ಲ ಒಂದೆಡೆ ಸುರಿಯುತ್ತಾರೆ. ಹಂಚಲು ನೇಮಕವಾದ ಗಂಡಸರು ಜಾತಿ, ಗಾತ್ರ ನೋಡಿ ಬೇರ್ಪಡಿಸಿ, ಪಾಲಿನ ಗುಂಪುಗಳ ತಲೆ ಎಣಿಕೆಗೆ ತಕ್ಕಂತೆ ರಾಶಿ ಹಾಕುತ್ತಾರೆ. ಒಂದು ರಾಶಿಗೆ ದೊಡ್ಡ ಮೀನು ಬಿದ್ದರೆ ಪಕ್ಕದ್ದಕ್ಕೆ ಎರಡು ಚಿಕ್ಕವು. ಗುಂಪಿನ ಹೆಸರು ಕೂಗುತ್ತಿದ್ದಂತೆ ಮಕ್ಕಳು ಬುಟ್ಟಿ ಹಿಡಿದು ಓಡಿಬರುತ್ತಾರೆ. ಹಿಡಿದವನೆಂದು ಹೆಚ್ಚಿಲ್ಲ, ಹಾಸಿಗೆ ಹಿಡಿದ ಮುದುಕಿಗೂ ಆ ವಾರ ಹುಟ್ಟಿದ ಕೂಸಿಗೂ ಪಾಲಿದೆ.

ಪ್ರಶ್ನೆ: ಹಿಂದೆ ‘ಡಾಟ್ ಟಿಕೆ’ ಎಂದು ಪುಕ್ಕಟೆ ವೆಬ್ ವಿಳಾಸ ಸಿಗುತ್ತಿತ್ತು. ಅದು ಇವರದೇ? (ಹುಬ್ಬಳ್ಳಿ)

ಇವರದೇ. ನಡೆಸುತ್ತಿದ್ದದ್ದು ನೆದರ್ಲೆಂಡ್ಸ್‌ನ ಕಂಪನಿ, ಟೊಕೆಲಾವ್‌ಗೆ ಒಂದು ಪಾಲು ಹಣ. ಪುಕ್ಕಟೆ ಎಂದಮೇಲೆ ಮೋಸಗಾರರೂ ಮುಗಿಬಿದ್ದರು, ಹೆಸರು ಕೆಟ್ಟಿತು, 2023ರಲ್ಲಿ ಹೊಸ ನೋಂದಣಿ ನಿಂತಿತು.

ಪ್ರಶ್ನೆ: ಅಲ್ಲಿ ಕರೆಂಟೆಲ್ಲ ಬಿಸಿಲಿನದೇ ಎನ್ನುತ್ತಾರೆ. (ಚಿತ್ರದುರ್ಗ)

2012ರಲ್ಲಿ 4,032 ಫಲಕ, 1,344 ಬ್ಯಾಟರಿ ಕೂರಿಸಿದರು. ಒಂದು ಬ್ಯಾಟರಿಗೆ ಮೂರು ಫಲಕದ ಲೆಕ್ಕ. ಡೀಸೆಲ್ ಜನರೇಟರ್‌ಗಳು ಮೋಡದ ದಿನಗಳಿಗೆ ಉಳಿದುಕೊಂಡವು. ಉಪ್ಪುಗಾಳಿಗೆ ಬೋಲ್ಟು, ತಂತಿ ಬೇಗ ತುಕ್ಕು ಹಿಡಿಯುತ್ತವೆ, ಬದಲಿ ಭಾಗ ಬರಬೇಕಾದರೆ ಮತ್ತೆ ಅದೇ ಹಡಗು.

ಪ್ರಶ್ನೆ: ಹೋಗಿ ನೋಡಬಹುದೇ? (ಬೆಂಗಳೂರು)

ಹೋಗಬಹುದು, ಆದರೆ ಮನಸ್ಸು ಬಂದಾಗ ಅಲ್ಲ. ಮೊದಲು ಅಪಿಯಾದಲ್ಲಿರುವ ಟೊಕೆಲಾವ್ ಕಚೇರಿಗೆ ಬರೆದು ಅನುಮತಿ ಕೇಳಿ. ಯಾವ ಊರಿಗೆ ಹೋಗುತ್ತೀರೋ ಆ ಊರಿನ ತಾಉಪುಲೆಗಾ ಒಪ್ಪಬೇಕು, ಉಳಿಯುವ ಮನೆ ಗೊತ್ತಾಗಿರಬೇಕು. ಹಡಗಿನಲ್ಲಿ ಜಾಗ ಮೊದಲು ಊರಿನವರಿಗೆ, ರೋಗಿಗಳಿಗೆ. ಅಪಿಯಾಕ್ಕೆ ಆಕ್ಲೆಂಡ್ ಮೂಲಕ ಹೋಗುವುದಾದರೆ ಭಾರತದ ಪಾಸ್‌ಪೋರ್ಟಿಗೆ ಅಲ್ಲಿ ಬರೀ ವಿಮಾನ ಬದಲಿಸಲೂ ಟ್ರಾನ್ಸಿಟ್ ವೀಸಾ ಬೇಕು, ಇದನ್ನು ಮರೆತವರ ಪ್ರಯಾಣ ಚೆಕ್‌ಇನ್ ಕೌಂಟರಿನಲ್ಲೇ ಮುಗಿಯುತ್ತದೆ. ದ್ವೀಪದಲ್ಲಿ ಎಟಿಎಂ ಇಲ್ಲ, ನ್ಯೂಜಿಲೆಂಡ್ ಡಾಲರ್ ನಗದು ಒಯ್ಯಿರಿ. ಮರಳುವ ವಿಮಾನವನ್ನು ಹಡಗು ಬರುವ ಮರುದಿನಕ್ಕೇ ಕಾದಿರಿಸಬೇಡಿ, ಒಂದು ವಾರದ ಅಂತರ ಇರಲಿ. ಭಾನುವಾರ ಚರ್ಚಿನ ದಿನ, ಮೀನು ಹಿಡಿಯುವುದೂ ಇಲ್ಲ; ಕ್ಯಾಮೆರಾ ಹಿಡಿದು ಊರು ಸುತ್ತುವುದನ್ನು ಸೋಮವಾರಕ್ಕೆ ಇಟ್ಟುಕೊಳ್ಳಿ.