ಪದ್ಮಿನಿ ಬಾಗಿಲಿನ ರಬ್ಬರ್‌ಗೂ ರೆಕ್ಸಿನ್‌ಗೂ ಯಾವ ಗಮ್?

ನಿಮ್ಮ ಪ್ರೀಮಿಯರ್ ಪದ್ಮಿನಿ ಕಾರಿನಲ್ಲಿ ಬಾಗಿಲಿನ ರಬ್ಬರ್ ಬೀಡಿಂಗ್, ಡೋರ್ ಪ್ಯಾಡ್‌ನ (ಬಾಗಿಲಿನ ಒಳಬದಿಯ ಹೊದಿಕೆಯ) ರೆಕ್ಸಿನ್, ಪಕ್ಕದ ಕ್ರೋಮ್ ಪಟ್ಟಿ ಮೂರೂ ಬಿಟ್ಟುಕೊಂಡಿವೆ, ಫೆವಿಕ್ವಿಕ್ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ ಸರ್. ಅದು ಒಣಗಿದ ಮೇಲೆ ಪೆಡಸಾಗುತ್ತದೆ, ಬಾಗಿಲು ಬಡಿದು ಬಡಿದು ಮತ್ತೆ ಕಳಚಿಕೊಳ್ಳುತ್ತದೆ, ಸುತ್ತ ಬಿಳಿ ಕಲೆ ಬೇರೆ.

ರಬ್ಬರ್‌ಗೂ ರೆಕ್ಸಿನ್‌ಗೂ ಕಾಂಟ್ಯಾಕ್ಟ್ ಗಮ್ ಬೇಕು, ಫೆವಿಕಾಲ್ ಎಸ್‌ಆರ್ 998 ತರಹದ್ದು. ಮರಗೆಲಸದ ಬಿಳಿ ಫೆವಿಕಾಲ್ ಅಲ್ಲ. ಹಳೇ ಗಮ್ಮನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆದು ತೆಗೆಯಿರಿ. ಥಿನ್ನರ್ ಬಳಸಿದರೆ ಪೇಂಟ್ ಎದ್ದುಬರುತ್ತದೆ, ಹುಷಾರು. ಎರಡೂ ಕಡೆ ತೆಳ್ಳಗೆ ಸವರಿ 10-15 ನಿಮಿಷ ಸುಮ್ನೆ ಬಿಡಿ. ಬೆರಳಿಟ್ಟರೆ ಅಂಟಂಟು ಅನ್ನಿಸಬೇಕು, ಆದರೆ ಬೆರಳಿಗೆ ಗಮ್ ಬರಬಾರದು, ಆಗ ಒತ್ತಿ. ಒದ್ದೆ ಇರುವಾಗಲೇ ಒತ್ತಿದರೆ ರೆಕ್ಸಿನ್ ಬಿಸಿಲಿಗೆ ಗುಳ್ಳೆ ಏಳುತ್ತದೆ. ಒಮ್ಮೆ ಕೂತ ಮೇಲೆ ಸರಿಸೋಕೆ ಆಗಲ್ಲ, ಹಾಗಾಗಿ ಬೀಡಿಂಗನ್ನು ಮೂಲೆಯಿಂದ ಶುರುಮಾಡಿ ಒಂದೊಂದೇ ಗೇಣು ಕೂರಿಸುತ್ತಾ ಹೋಗಿ, ಎಳೆಯಲೇಬೇಡಿ, ಎಳೆದರೆ ಆಮೇಲೆ ರಬ್ಬರ್ ಕುಗ್ಗಿ ಜಾಯಿಂಟ್‌ನಲ್ಲಿ ಸಂದು ಬೀಳುತ್ತದೆ.

ಪ್ಯಾಡ್‌ನ ಹಿಂದಿನ ಹಾರ್ಡ್‌ಬೋರ್ಡ್ ಮೊದಲು ನೋಡಿ. ಗಾಜಿನ ಪಕ್ಕದಿಂದ ಮಳೆನೀರು ಇಳಿದು ಅದು ಉಬ್ಬಿದ್ದರೆ ಎಷ್ಟೇ ಒಳ್ಳೇ ಗಮ್ ಹಾಕಿದರೂ ನಿಲ್ಲಲ್ಲ. ಬೋರ್ಡ್ ಬದಲಿಸಿ, ಒಳಗೆ ಪ್ಲಾಸ್ಟಿಕ್ ಶೀಟ್ ಹಾಕಿಸಿ.

ಕ್ರೋಮ್ ಪಟ್ಟಿ ಕ್ಲಿಪ್ ಮೇಲೆ ಕೂರುವಂಥದ್ದು, ಗಮ್ಮೇ ಬೇಡ. ತುಕ್ಕು ಹಿಡಿದ ಕ್ಲಿಪ್ ಬದಲಿಸಿದರೆ ಸಾಕು. ಅಂಗಡಿಯವರು ವಿನಿಗರ್ ವಾಸನೆಯ ಸಿಲಿಕೋನ್ ಕೊಟ್ಟರೆ ಮಾತ್ರ ತಗೋಬೇಡಿ, ಅದರ ಆಸಿಡ್ ತಗಡಿಗೆ ತುಕ್ಕು ಹಿಡಿಸುತ್ತದೆ, ಆಮೇಲೆ ಅಲ್ಲಿ ಪೇಂಟೂ ನಿಲ್ಲಲ್ಲ.