ಚಳಿಗಾಲದ ಕಯಾಕ್, ಕೈಯಲ್ಲಿ ಗಾಳ: ಮೈಮೇಲೆ ಏನಿರಬೇಕು?

ಪ್ರಶ್ನೆ: ಎರಡು ವರ್ಷಗಳಿಂದ ಕಯಾಕ್ ಎಂಬ ಕಿರುದೋಣಿಯಲ್ಲಿ ಕುಳಿತು ಗಾಳ ಹಾಕುತ್ತಿದ್ದೇನೆ, ಆದರೆ ಬೇಸಿಗೆಯಲ್ಲಿ ಮಾತ್ರ. ಈ ಸಲ ಚಳಿಗಾಲದಲ್ಲೂ ನೀರಿಗಿಳಿಯುವ ಆಸೆ. ಹತ್ತಿಯ ಬನಿಯನ್, ದಪ್ಪ ಜೀನ್ಸ್, ಎರಡು ಸ್ವೆಟರ್, ಮೇಲೊಂದು ಮಳೆಕೋಟು ಇದ್ದರೆ ಸಾಕೇ? ನನಗೆ ಈಜು ಚೆನ್ನಾಗಿ ಬರುತ್ತದೆ. ಇದುವರೆಗೆ ಒಮ್ಮೆಯೂ ಕಯಾಕ್ ಮಗುಚಿಲ್ಲ.

ಉತ್ತರ: ಸಾಲದು. ನೀವು ಪಟ್ಟಿ ಮಾಡಿರುವುದು ದಡದಲ್ಲಿ ಕುಳಿತು ಗಾಳ ಹಾಕುವವರ ಉಡುಪು. ಕಯಾಕ್‌ನಲ್ಲಿ ಬೆಚ್ಚಗಿಡುವ ಬಟ್ಟೆ ಬೇರೆ, ನೀರಿಗೆ ಬಿದ್ದಾಗ ಜೀವ ಉಳಿಸುವ ಬಟ್ಟೆ ಬೇರೆ. ನೀವು ಮೊದಲನೆಯದನ್ನು ಮಾತ್ರ ಯೋಚಿಸಿದ್ದೀರಿ. ಹೊರಗಿನ ಬಿಸಿಲು ನೋಡಿ ಬಟ್ಟೆ ಆರಿಸಬೇಡಿ, ನೀರಿನ ಉಷ್ಣಾಂಶ ಅಳೆದು ಆರಿಸಿ. ಚಳಿಗಾಲ ಮುಗಿಯುವ ಹೊತ್ತಿನಲ್ಲಿ ಈ ಮಾತು ಇನ್ನೂ ಮುಖ್ಯ. ಆಗ ಗಾಳಿ ಬೆಚ್ಚಗಾಗಿರುತ್ತದೆ, ನೀರು ಮಾತ್ರ ವಾರಗಟ್ಟಲೆ ತಣ್ಣಗೇ ಇರುತ್ತದೆ.

ಒಮ್ಮೆಯೂ ಮಗುಚಿಲ್ಲ ಎಂಬುದು ಒಳ್ಳೆಯ ಸುದ್ದಿಯೇ. ಆದರೆ ಗಾಳದವರ ಕಯಾಕ್ ಮಗುಚಲು ಬಿರುಗಾಳಿಯೇ ಬೇಕಿಲ್ಲ. ಬೆನ್ನ ಹಿಂದಿನ ಪೆಟ್ಟಿಗೆಗೆ ಕೈ ಹಾಕಲು ತಿರುಗಿದಾಗ, ಕೈಬಲೆ ಚಾಚಿ ಮೀನನ್ನು ಎತ್ತುವಾಗ, ಎಲ್ಲೋ ಸಿಕ್ಕಿಕೊಂಡ ಗಾಳವನ್ನು ಜಗ್ಗುವಾಗ ಮಗುಚಿಬಿಡುತ್ತದೆ.

ಬಿದ್ದ ಮೇಲೆ ಏನಾಗುತ್ತದೆ ಎಂದು ತಿಳಿದರೆ ಈಜಿನ ಮೇಲಿನ ನಿಮ್ಮ ಭರವಸೆ ಸ್ವಲ್ಪ ಇಳಿಯಬಹುದು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಹಿಮದಂತಹ ನೀರಿಗೆ ಸ್ವತಃ ಇಳಿದು ಪ್ರಯೋಗ ಮಾಡಿದ ವಿಜ್ಞಾನಿ. ಅವರು ಜನರಿಗೆ ನೆನಪಿರಲಿ ಎಂದು ಮಾಡಿದ ಸೂತ್ರ ‘1-10-1’. ಮೊದಲ 1 ನಿಮಿಷ ಉಸಿರಿನದು. ತಣ್ಣೀರು ಮೈಗೆ ತಾಗಿದೊಡನೆ ನಮ್ಮ ಅಪ್ಪಣೆ ಕೇಳದೆ ಒಂದು ದೊಡ್ಡ ಉಸಿರು ಒಳಗೆ ಹೋಗುತ್ತದೆ. ಆ ಕ್ಷಣದಲ್ಲಿ ಬಾಯಿ ನೀರಿನೊಳಗಿದ್ದರೆ ಎಂತಹ ಈಜುಗಾರನಾದರೂ ಒಂದೇ. ಅನಂತರದ ಸುಮಾರು 10 ನಿಮಿಷ ಕೈಕಾಲು ಹೇಳಿದಂತೆ ಕೇಳುತ್ತವೆ, ಆಮೇಲೆ ಬೆರಳುಗಳಿಗೆ ಜಿಪ್ ಎಳೆಯುವಷ್ಟು ಶಕ್ತಿಯೂ ಉಳಿಯುವುದಿಲ್ಲ. ದೇಹದ ಒಳಶಾಖ ಕುಸಿದು ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಬೇಕು. ಎಲ್ಲರೂ ಹೆದರುವುದು ಈ ಕೊನೆಯದಕ್ಕೆ. ಬಹಳ ಮಂದಿ ಅಲ್ಲಿಯವರೆಗೆ ತಲುಪುವುದೇ ಇಲ್ಲ. ಅಷ್ಟರಲ್ಲೇ ಮುಳುಗಿರುತ್ತಾರೆ.

ಆದ್ದರಿಂದ ಮೊದಲ ಉಡುಪು ಲೈಫ್ ಜಾಕೆಟ್. ಅದು ಮೈಮೇಲಿರಬೇಕು, ಎಲ್ಲ ಬಕಲ್ ಹಾಕಿರಬೇಕು. ಸೀಟಿನ ಹಿಂದೆ ಮಡಚಿಟ್ಟು, ಬಿದ್ದ ಮೇಲೆ ಹುಡುಕಿ ತೊಡುತ್ತೇನೆ ಎನ್ನುವುದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಹಗ್ಗ ಎಳೆದರೆ ಉಬ್ಬುವ ಜಾಕೆಟ್ ಬೇಸಿಗೆಗೆ ಹಗುರ, ನಿಜ. ಆದರೆ ಉಸಿರೇ ಹತೋಟಿಯಲ್ಲಿಲ್ಲದ ನಿಮಿಷದಲ್ಲಿ ಹಗ್ಗ ಹುಡುಕುವ ಉಡುಪನ್ನು ಚಳಿಗಾಲಕ್ಕೆ ನಾನು ಒಪ್ಪುವುದಿಲ್ಲ. ಸೀಟಿ, ಜಲನಿರೋಧಕ ಚೀಲದಲ್ಲಿಟ್ಟ ಮೊಬೈಲ್, ಸಣ್ಣ ಚಾಕು ಜಾಕೆಟ್ಟಿನ ಜೇಬಿನಲ್ಲಿರಲಿ. ಗಾಳಿ ಬೀಸಿದರೆ ಕಯಾಕ್ ನಿಮ್ಮನ್ನು ಬಿಟ್ಟು ದೂರ ಹೋಗುತ್ತದೆ, ಅದರಲ್ಲಿಟ್ಟ ವಸ್ತುಗಳೂ ಅದರ ಜೊತೆಗೇ ಹೋಗುತ್ತವೆ.

ಇನ್ನು ಜಾಕೆಟ್ಟಿನ ಒಳಗಿನದು, ಅಂದರೆ ಮೈ ಮುಚ್ಚುವ ಸೂಟ್. ಅದರಲ್ಲಿ ಎರಡು ಬಗೆ: ವೆಟ್‌ಸೂಟ್, ಡ್ರೈಸೂಟ್. ವೆಟ್‌ಸೂಟ್ ನಿಮ್ಮನ್ನು ಒಣಗಿಡುವುದಿಲ್ಲ. ನೀರು ಒಳಗೆ ಬರುತ್ತದೆ, ಆದರೆ ತೆಳುವಾದ ಪದರವಾಗಿ ಅಲ್ಲೇ ಉಳಿದು ಮೈಶಾಖಕ್ಕೆ ಬೆಚ್ಚಗಾಗುತ್ತದೆ. ಬಟ್ಟೆಯ ನಿಯೋಪ್ರೀನ್ ಎಂಬ ಕೃತಕ ರಬ್ಬರಿನೊಳಗಿನ ಸಣ್ಣ ಗಾಳಿಗುಳ್ಳೆಗಳು ಆ ಶಾಖವನ್ನು ತಡೆದಿಡುತ್ತವೆ. ಸಡಿಲವಾದರೆ ನೀರು ಬದಲಾಗುತ್ತಲೇ ಇರುತ್ತದೆ, ಬಟ್ಟೆ ಇದ್ದೂ ಇಲ್ಲದಂತೆ. ಡ್ರೈಸೂಟ್ ಇದಕ್ಕೆ ತದ್ವಿರುದ್ಧ. ಕುತ್ತಿಗೆಗೆ, ಮಣಿಕಟ್ಟಿಗೆ ಬಿಗಿಯಾಗಿ ಹಿಡಿಯುವ ರಬ್ಬರ್ ಪಟ್ಟಿಗಳು ನೀರನ್ನು ಹೊರಗೇ ನಿಲ್ಲಿಸುತ್ತವೆ. ಆದರೆ ಬಟ್ಟೆ ತೆಳು, ತಾನಾಗಿ ಬೆಚ್ಚಗಿಡುವುದಿಲ್ಲ. ಬೆಚ್ಚಗಿಡುವುದು ಅದರೊಳಗೆ ನೀವು ತೊಡುವ ಉಣ್ಣೆ ಅಥವಾ ಫ್ಲೀಸ್. ಗಂಟೆಗಟ್ಟಲೆ ಅಲುಗಾಡದೆ ಕುಳಿತಿರುವ ಗಾಳದವರಿಗೆ ನನ್ನ ಆಯ್ಕೆ ಡ್ರೈಸೂಟೇ, ದುಬಾರಿಯಾದರೂ. ಕೊಳ್ಳಲು ಆಗದಿದ್ದರೆ ನೀರು ಬೆಚ್ಚಗಾಗುವವರೆಗೆ ದಡದಿಂದಲೇ ಗಾಳ ಹಾಕಿ.

ಹತ್ತಿಯ ಬನಿಯನ್ ಮತ್ತು ಜೀನ್ಸ್ ಮನೆಯಲ್ಲೇ ಇರಲಿ. ಹತ್ತಿ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ, ನಿಧಾನವಾಗಿ ಒಣಗುತ್ತದೆ, ಮೈಶಾಖವನ್ನು ಕದಿಯುತ್ತದೆ. ಬೆವರಿಗೂ ಇದೇ ಮಾತು. ಹುಟ್ಟು ಹಾಕುತ್ತಾ ಹೋಗುವಾಗ ಬೆವರಿ, ಮೀನಿನ ಜಾಗ ತಲುಪಿ ಕುಳಿತ ಮೇಲೆ ನಡುಗುವವರನ್ನು ಬೇಕಾದಷ್ಟು ಕಂಡಿದ್ದೇನೆ. ಹೊರಡುವಾಗ ಸ್ವಲ್ಪ ಚಳಿ ಎನಿಸುವಷ್ಟೇ ತೊಡಿ. ನೀರಿನ ಮಧ್ಯೆ ಸೂಟ್ ಬಿಚ್ಚಲಾಗದು. ಹಾಗಾಗಿ ಕುಳಿತ ಮೇಲೆ ಹಾಕಿಕೊಳ್ಳಲು ಉಣ್ಣೆ ಟೋಪಿ, ಕತ್ತುಪಟ್ಟಿ ಜೊತೆಗಿರಲಿ.

ಹೊಸ ಸೂಟ್ ಬಂದ ಮೇಲೆ ಮೊದಲ ಕೆಲಸ ಮೀನು ಹಿಡಿಯುವುದಲ್ಲ. ಜೊತೆಗೊಬ್ಬರನ್ನು ಕರೆದುಕೊಂಡು, ದಡದ ಪಕ್ಕ ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಬೀಳಿ. ಹತ್ತು ನಿಮಿಷ ಇದ್ದು ನೋಡಿ, ಮತ್ತೆ ಕಯಾಕ್ ಹತ್ತಿ ನೋಡಿ. ಡ್ರೈಸೂಟ್ ತೊಟ್ಟೊಡನೆ ಕುಕ್ಕುರುಗಾಲಿನಲ್ಲಿ ಕುಳಿತು, ಕುತ್ತಿಗೆಯ ಪಟ್ಟಿಯನ್ನು ಬೆರಳಿನಿಂದ ಎಳೆದು ಒಳಗಿನ ಗಾಳಿಯನ್ನು ಹೊರಬಿಡಿ, ಇಲ್ಲವಾದರೆ ಬಲೂನಿನಂತೆ ತೇಲುತ್ತೀರಿ. ಇನ್ನೊಂದು ಮಾತು ಗಾಳದವರಿಗೇ ಮೀಸಲು: ಮೂರು ಮುಳ್ಳಿನ ಗಾಳಕ್ಕೂ ಡ್ರೈಸೂಟಿಗೂ ಆಗಿಬರುವುದಿಲ್ಲ. ಸಣ್ಣ ತೂತೂ ಸೋರುತ್ತದೆ. ಗಾಳಗಳನ್ನು ತೊಡೆಯ ಮೇಲೆ ಹರಡಿಕೊಳ್ಳುವ ಅಭ್ಯಾಸವನ್ನು ಬಿಡಿ.

ಪ್ರಶ್ನೆ: ಎದೆಯವರೆಗೆ ಬರುವ ವೇಡರ್ (ನೀರಿನಲ್ಲಿ ನಿಂತು ಗಾಳ ಹಾಕಲು ತೊಡುವ ಜಲನಿರೋಧಕ ಪ್ಯಾಂಟು) ನನ್ನ ಬಳಿ ಇದೆ. ಅದರಲ್ಲಿ ನೀರು ತುಂಬಿದರೆ ಕಲ್ಲಿನಂತೆ ಮುಳುಗುತ್ತೇವೆ ಎನ್ನುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ನೀರಿನೊಳಗೆ ನೀರಿಗೆ ಭಾರವಿಲ್ಲ, ಅದು ನಿಮ್ಮನ್ನು ಕೆಳಗೆ ಎಳೆಯುವುದಿಲ್ಲ. ತೊಂದರೆ ಶುರುವಾಗುವುದು ಕಯಾಕ್ ಹತ್ತುವಾಗ. ನೀರಿನಿಂದ ಮೇಲೆ ಬಂದ ಪ್ರತಿ ಲೀಟರ್‌ಗೂ ಒಂದು ಕಿಲೋ ತೂಕ. ಸೊಂಟಕ್ಕೆ ಬೆಲ್ಟ್ ಬಿಗಿದರೆ ನೀರು ನಿಧಾನವಾಗಿ ತುಂಬುತ್ತದೆ, ತುಂಬದೆ ಇರುವುದಿಲ್ಲ. ತುಂಬಿದ ವೇಡರ್ ಚಳಿಯನ್ನೂ ತಡೆಯುವುದಿಲ್ಲ. ತಣ್ಣೀರಿನಲ್ಲಿ ಡ್ರೈಸೂಟಿನ ಬದಲಿಗೆ ಅದನ್ನು ಬಳಸಬೇಡಿ.

ಪ್ರಶ್ನೆ: ಮೈ ಬೆಚ್ಚಗಿದ್ದರೂ ಬೆರಳುಗಳು ಮರಗಟ್ಟಿ ದಾರ ಕಟ್ಟಲು ಆಗುವುದಿಲ್ಲ. ಕಾಲಿಗೆ ಮೂರು ಜೊತೆ ಕಾಲುಚೀಲ ಹಾಕಿದರೂ ಅದೇ ಪಾಡು.

ಉತ್ತರ: ಕಾಲಿನದು ಸುಲಭ: ಒಂದು ಜೊತೆ ಸಾಕು, ಉಣ್ಣೆಯದು. ಶೂ ಒಂದು ಅಳತೆ ದೊಡ್ಡದಿರಲಿ. ಮೂರು ಚೀಲ ತುರುಕಿದಾಗ ರಕ್ತ ಓಡಾಡಲು, ಬೆಚ್ಚಗಿನ ಗಾಳಿ ನಿಲ್ಲಲು ಜಾಗವೇ ಇರುವುದಿಲ್ಲ. ಕೈಗೆ ಪೂರ್ತಿ ಪರಿಹಾರವಿಲ್ಲ ಎಂದು ಮೊದಲೇ ಒಪ್ಪಿಕೊಳ್ಳಿ, ಮೀನು ಮುಟ್ಟಿದ ಕೈ ಒದ್ದೆಯಾಗಲೇಬೇಕು. ಹುಟ್ಟು ಹಾಕಲು ನಿಯೋಪ್ರೀನ್ ಕೈಗವಸು, ಗಾಳ ಕಟ್ಟಲು ಬೆರಳ ತುದಿ ತೆರೆದ ಉಣ್ಣೆಯದು, ಜೊತೆಗೆ ಒಣಗಿದ ಇನ್ನೊಂದು ಜೊತೆ ಮತ್ತು ಸಣ್ಣ ಟವೆಲ್ ಚೀಲದಲ್ಲಿರಲಿ. ಗಂಟುಗಳಲ್ಲಿ ಅರ್ಧವನ್ನಾದರೂ ಹಿಂದಿನ ರಾತ್ರಿ ಮನೆಯಲ್ಲೇ ಕಟ್ಟಿಡಿ.

ಪ್ರಶ್ನೆ: ಒಂದೆರಡು ಗುಟುಕು ಬ್ರಾಂದಿ ಮೈ ಬೆಚ್ಚಗಿಡುವುದಿಲ್ಲವೇ?

ಉತ್ತರ: ಬೆಚ್ಚಗಾದಂತೆ ಅನ್ನಿಸುತ್ತದೆ, ಅಷ್ಟೇ. ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಗೆ ಹೋಗುವಾಗ ಆಗುವ ಅನುಭವ ಅದು. ಫ್ಲಾಸ್ಕಿನಲ್ಲಿ ಬಿಸಿ ಚಹಾ ಒಯ್ಯಿರಿ, ಸಕ್ಕರೆ ಒಂದು ಚಮಚ ಹೆಚ್ಚೇ ಇರಲಿ.