ಬೆಳಿಗ್ಗೆ ಬೇಗ ಆಗೋ, ಹೊಟ್ಟೆಗೆ ಭಾರ ಅನ್ಸದ ಹಣ್ಣಿನ ವಾಫಲ್

ಅಕ್ಕ, ನೀವು ಕೇಳಿರೋದು ಮೂರು ವಿಷ್ಯ ಅಲ್ವಾ. ಎಣ್ಣೆ ಹಾಕದೆ ಮಾಡಿದ್ರೆ ವಾಫಲ್ ಮೆಷಿನ್‌ಗೆ ಅಂಟ್ಕೊಂಡು ಸೀಳಿ ಹೋಗ್ತಿದೆ, ಹಣ್ಣು ಹಾಕಿದ ಸ್ವಲ್ಪ ಹೊತ್ತಿಗೇ ಮೆತ್ತಗಾಗ್ತಿದೆ, ಮತ್ತೆ ಮಕ್ಕಳ ಸ್ಕೂಲ್ ವ್ಯಾನ್ ಬರೋದ್ರೊಳಗೆ ಎಲ್ಲಾ ಮುಗೀಬೇಕು. ಮೂರಕ್ಕೂ ದಾರಿ ಇದೆ, ಸ್ವಲ್ಪ ಉದ್ದ ಆಗುತ್ತೆ, ಓದ್ಕೊಳಿ.

ಮೊದ್ಲು ಎಣ್ಣೆ. ಲೈಟ್ ಆಗ್ಲಿ ಅಂತ ಎಲ್ರೂ ಮೊದ್ಲು ಕಡಿಮೆ ಮಾಡೋದು ಹಿಟ್ಟಲ್ಲಿರೋ ಎಣ್ಣೆನ, ಅದನ್ನ ಮಾತ್ರ ಮುಟ್ಬೇಡಿ. ಲೆಕ್ಕ ಹಾಕಿ ನೋಡಿ, ನಾಲ್ಕು ವಾಫಲ್ ಆಗೋ ಹಿಟ್ಟಿಗೆ ಒಂದೂವರೆ ದೊಡ್ಡ ಚಮಚ ಎಣ್ಣೆ ಸಾಕು, ಅದ್ರಲ್ಲಿ ಸುಮಾರು 180 ಕ್ಯಾಲರಿ, ಅಂದ್ರೆ ಒಂದು ವಾಫಲ್‌ಗೆ 45 ಬಂತು. ಅದೇ ವಾಫಲ್ ಮೇಲೆ ಒಂದು ದೊಡ್ಡ ಚಮಚ ಬೆಣ್ಣೆ, ಎರಡು ದೊಡ್ಡ ಚಮಚ ಮೇಪಲ್ ಸಿರಪ್ (ಮೇಪಲ್ ಮರದ ರಸದ ಸಿಹಿ ಪಾಕ) ಹಾಕಿದ್ರೆ 200 ದಾಟುತ್ತೆ. ಭಾರ ಇರೋದು ಮೇಲೆ, ಒಳಗಲ್ಲ. ಒಳಗಿನ ಎಣ್ಣೆ ಇದ್ರೇನೇ ಪ್ಲೇಟಿಂದ ಸಲೀಸಾಗಿ ಬಿಡುತ್ತೆ, ಹೊರಗಡೆ ಗರಿಗರಿ ಆಗುತ್ತೆ. ಸಕ್ಕರೆನೂ ಹಾಗೇ, ಪೂರ್ತಿ ಬಿಟ್ರೆ ಬಣ್ಣ ಬರಲ್ಲ, ಬಿಳಿಚ್ಕೊಂಡಿರುತ್ತೆ, ಎರಡು ಟೀ ಚಮಚ ಇರ್ಲಿ.

ನಾನು ಮಾಡೋ ಅಳತೆ ಇದು. ಮುಕ್ಕಾಲು ಕಪ್ ಗೋಧಿ ಹಿಟ್ಟು, ಕಾಲು ಕಪ್ ಓಟ್ಸ್ ಮಿಕ್ಸಿಲಿ ಪುಡಿ ಮಾಡಿದ್ದು, ಒಂದು ದೊಡ್ಡ ಚಮಚ ಅಕ್ಕಿ ಹಿಟ್ಟು (ಗರಿ ಬರೋದಕ್ಕೆ ಇದು ಬೇಕೇ ಬೇಕು, ಕಾರ್ನ್ ಫ್ಲೋರ್ ಆದ್ರೂ ಆಗುತ್ತೆ), ಒಂದು ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಆ ಎರಡು ಟೀ ಚಮಚ ಸಕ್ಕರೆ. ಇಷ್ಟನ್ನ ರಾತ್ರಿನೇ ಒಂದು ಡಬ್ಬಿಲಿ ಕಲಸಿಟ್ಬಿಡಿ, ಭಾನುವಾರ ನಾಲ್ಕೈದು ಸಲಕ್ಕಾಗೋಷ್ಟು ಮಾಡಿಟ್ರೂ ಕೆಡಲ್ಲ. ಬೆಳಿಗ್ಗೆ ಮೆಷಿನ್ ಸ್ವಿಚ್ ಹಾಕಿ ಬಿಸಿಗಿಟ್ಟು, ಒಂದು ಕಪ್ ಹುಳಿ ಮಜ್ಜಿಗೆ, ತೀರಾ ನೀರಾಗಿರ್ಬಾರ್ದು, ಒಂದು ಮೊಟ್ಟೆ, ಎಣ್ಣೆ ಸೇರಿಸಿ ಬೀಟ್ ಮಾಡಿ ಪುಡಿಗೆ ಹಾಕಿ ಹತ್ತು ಸಲ ತಿರುವಿ ನಿಲ್ಸಿ. ಸಣ್ಣ ಸಣ್ಣ ಗಂಟು ಉಳಿದ್ರೆ ಉಳೀಲಿ, ಚೆನ್ನಾಗಿ ನಾದಿದಷ್ಟೂ ಗೋಧಿಲಿ ಜಿಗುಟು ಬಂದು ರಬ್ಬರ್ ತರ ಆಗುತ್ತೆ. ಐದು ನಿಮಿಷ ಬಿಡಿ, ಓಟ್ಸ್ ನೀರು ಕುಡ್ಕೊಳುತ್ತೆ, ಅಷ್ಟರಲ್ಲಿ ಮೆಷಿನ್ನೂ ಕಾದಿರುತ್ತೆ, ಹಣ್ಣೂ ಹೆಚ್ಚಿಕೊಳ್ಬಹುದು. ಆದ್ರೆ ಮಜ್ಜಿಗೆ ಹಾಕಿ ರಾತ್ರಿನೇ ಕಲಸಿಡೋದು ಬೇಡ, ಸೋಡಾ ಹುಳಿ ಸೇರಿದ ತಕ್ಷಣ ಗ್ಯಾಸ್ ಬರುತ್ತೆ, ಬೆಳಿಗ್ಗೆ ಹೊತ್ತಿಗೆ ಅದೆಲ್ಲ ಹೋಗಿ ವಾಫಲ್ ಚಪ್ಪಟೆ ಆಗುತ್ತೆ.

ಮೊಟ್ಟೆ ತಿನ್ನದೋರು ಮೊಟ್ಟೆ ಬಿಟ್ಟು ಎರಡು ಚಮಚ ಮೊಸರು, ಇನ್ನೊಂದು ಚಮಚ ಅಕ್ಕಿ ಹಿಟ್ಟು ಜಾಸ್ತಿ ಮಾಡ್ಕೊಳಿ, ಚೆನ್ನಾಗೇ ಬರುತ್ತೆ. ಮೊಟ್ಟೆ ತಿನ್ನೋರಿಗೆ, ಎರಡು ನಿಮಿಷ ಟೈಮ್ ಇದ್ರೆ, ಬಿಳಿ ಭಾಗ ಬೇರೆ ಮಾಡಿ ನೊರೆ ಬರೋ ಹಾಗೆ ಬೀಟ್ ಮಾಡಿ ಕೊನೇಲಿ ಮೆಲ್ಲಗೆ ಸೇರಿಸಿ, ಇಲ್ಲಿ ಬರೋ ವ್ಯತ್ಯಾಸ ಬೇರೆ ಎಲ್ಲೂ ಬರಲ್ಲ. ಬೆಲ್ಜಿಯಂನ ಬ್ರಸೆಲ್ಸ್ ವಾಫಲ್ ಅಷ್ಟು ಹಗುರ ಇರೋದೂ ಹಿಟ್ಟಲ್ಲಿ ಗಾಳಿ ತುಂಬಿರೋದ್ರಿಂದಾನೇ, ಬಿಳಿ ನೊರೆ ಇಲ್ಲಾ ಈಸ್ಟ್. ಅದೇ ದೇಶದ ಲಿಯೇಜ್ ವಾಫಲ್ ಸಕ್ಕರೆ ಹರಳು ಹಾಕಿದ ಗಟ್ಟಿ ಹಿಟ್ಟಿಂದು, ಅದು ದಿನಾ ಬೆಳಿಗ್ಗೆಗಲ್ಲ. ಮೇಲೆ ಕ್ರೀಮ್ ಗುಡ್ಡೆ ಹಾಕಿ ಸ್ಟ್ರಾಬೆರಿ ಇಡೋದು ಅಮೆರಿಕದಲ್ಲಿ ಜನಪ್ರಿಯ ಆಗಿದ್ದು 1964ರ ನ್ಯೂಯಾರ್ಕ್ ವರ್ಲ್ಡ್ಸ್ ಫೇರ್ ಅನ್ನೋ ದೊಡ್ಡ ವಸ್ತುಪ್ರದರ್ಶನದಲ್ಲಿ, ನಾವು ಫೋಟೋಲಿ ನೋಡೋದೂ ಅದನ್ನೇ. ಮನೇಲಿ ಬೆಳಿಗ್ಗೆ ತಿಂಡಿಗೆ ಆ ಕ್ರೀಮ್ ಯಾಕೆ ಬೇಕು ಹೇಳಿ.

ರಾಗಿ ಹಾಕ್ಬಹುದಾ ಅಂತ ಕೆಳಗೆ ಕಾಮೆಂಟಲ್ಲಿ ಯಾರೋ ಕೇಳಿದಾರೆ. ಹಾಕಿ, ಆದ್ರೆ ಒಟ್ಟು ಹಿಟ್ಟಲ್ಲಿ ಮೂರನೇ ಒಂದು ಭಾಗ ದಾಟ್ಬೇಡಿ, ರಾಗಿಲಿ ಜಿಗುಟಿಲ್ಲ, ಮುಚ್ಚಳ ತೆಗೆದಾಗ ಪುಡಿಪುಡಿ ಆಗುತ್ತೆ, ನೀರೂ ಜಾಸ್ತಿ ಎಳ್ಕೊಳುತ್ತೆ. ಉಳಿದ ದೋಸೆ ಹಿಟ್ಟಲ್ಲೂ ವಾಫಲ್ ಆಗುತ್ತೆ, ಗರಿಗರಿಯಾಗಿ ಬರುತ್ತೆ, ಅದಕ್ಕೆ ಚಟ್ನಿ ಸರಿ, ಹಣ್ಣು ಸೇರಲ್ಲ.

ಇನ್ನು ಅಂಟೋದು. ಮೆಷಿನ್ ಪೂರ್ತಿ ಕಾದ ಮೇಲೇ ಹಿಟ್ಟು ಹುಯ್ಯಿ, ಕಾವಲಿ ಕಾಯದೆ ದೋಸೆ ಎಬ್ಬಿಸೋಕೆ ಹೋದ್ರೆ ಹೇಗೋ ಹಾಗೇ ಇದೂ. ಮೊದಲನೇದಕ್ಕೆ ಬ್ರಷ್‌ಲಿ ತೆಳ್ಳಗೆ ಎಣ್ಣೆ ಸವರಿ, ಕ್ಯಾನಲ್ಲಿ ಬರೋ ಎಣ್ಣೆ ಸ್ಪ್ರೇ ಬೇಡ, ದಿನ ಕಳೆದಂಗೆ ಅಂಟಂಟು ಪದರ ಕಟ್ಟುತ್ತೆ. ಹಸಿರು ದೀಪ ಬಂತು ಅಂತ ಮುಚ್ಚಳ ತೆಗೀಬೇಡಿ, ಪಕ್ಕದಿಂದ ಬರೋ ಹಬೆ ನೋಡಿ, ಅದು ಹೆಚ್ಚು ಕಡಿಮೆ ನಿಂತಾಗ ಬೆಂದಿದೆ ಅಂತ ಅರ್ಥ, ನಾಲ್ಕೈದು ನಿಮಿಷ ಹಿಡಿಯುತ್ತೆ. ಮುಂಚೆ ತೆಗೆದ್ರೆ ಅರ್ಧ ಮೇಲೆ ಅರ್ಧ ಕೆಳಗೆ.

ಮೆತ್ತಗಾಗೋದಕ್ಕೆ ಕಾರಣ ಬರೀ ಹಣ್ಣಲ್ಲ, ಬಿಸಿ ವಾಫಲ್‌ನ ನೇರ ತಟ್ಟೆಗೆ ಹಾಕೋದೂ ಒಂದು, ಕೆಳಗಿನ ಹಬೆ ಹೋಗೋಕೆ ಜಾಗ ಇಲ್ದೆ ಒದ್ದೆ ಆಗುತ್ತೆ. ಒಂದು ನಿಮಿಷ ಜಾಲರಿ ಸ್ಟ್ಯಾಂಡ್ ಮೇಲೆ ಇಡಿ, ಅದಿಲ್ದಿದ್ರೆ ಹಪ್ಪಳ ಸುಡೋ ಜಾಲರಿ ಆದ್ರೂ ಆಗುತ್ತೆ, ಒಂದರ ಮೇಲೊಂದು ಪೇರಿಸ್ಬೇಡಿ. ಹಣ್ಣಿಗೆ ಬಂದ್ರೆ, ನೀವು ಸ್ಟ್ರಾಬೆರಿಗೆ ಸಕ್ಕರೆ ಬೆರೆಸಿ ಇಟ್ಟಿದ್ದೆ ಅಂದ್ರಲ್ಲ, ಸಕ್ಕರೆ ಹಣ್ಣಿನ ನೀರನ್ನೆಲ್ಲ ಹೊರಗೆಳೆಯುತ್ತೆ, ಅದೇ ರಸ ವಾಫಲ್ ಗುಳಿಗಳಲ್ಲಿ ನಿಲ್ಲೋದು. ಸಕ್ಕರೆ ಬೇಡವೇ ಬೇಡ. ನನ್ನ ಕೇಳಿದ್ರೆ ಏಲಕ್ಕಿ ಬಾಳೆಗಿಂತ ಒಳ್ಳೇ ಹಣ್ಣಿಲ್ಲ ಇದಕ್ಕೆ, ಸಿಹಿ ತಾನೇ ಇದೆ, ನೀರು ಬಿಡಲ್ಲ, ವರ್ಷ ಪೂರ್ತಿ ಸಿಗುತ್ತೆ, ಅದ್ರ ಮೇಲೆ ಒಂದು ಹಿಡಿ ದಾಳಿಂಬೆ ಹಾಕಿದ್ರೆ ಹುಳಿನೂ ಬಂತು. ಸಪೋಟಾನೂ ಚೆನ್ನಾಗಿರುತ್ತೆ. ಪರಂಗಿ, ಮಾವು, ಕಿತ್ತಳೆ ಆದ್ರೆ ಹೆಚ್ಚಿ ಜರಡಿಲಿ ಐದು ನಿಮಿಷ ಬಿಟ್ಟು ಆಮೇಲೆ ಹಾಕಿ. ಸೇಬು ಹಸಿಯಾಗಿ ಗಟ್ಟಿ ಅನ್ಸುತ್ತೆ, ಚಕ್ಕೆ ಪುಡಿ ಉದುರಿಸಿ ಬಾಣಲೆಲಿ ಎರಡು ನಿಮಿಷ ಬಾಡಿಸ್ಕೊಳಿ. ದ್ರಾಕ್ಷಿ ಹಾಕೋದಾದ್ರೆ ಚಿಕ್ಕ ಮಕ್ಕಳಿಗೆ ಉದ್ದಕ್ಕೆ ಸೀಳಿನೇ ಕೊಡಿ, ಇಡೀದು ಗಂಟಲಲ್ಲಿ ಸಿಕ್ಕಾಕೊಳುತ್ತೆ.

ಕ್ರೀಮ್ ಬದಲು ರಾತ್ರಿ ಮೊಸರನ್ನ ಬಟ್ಟೆಲಿ ಕಟ್ಟಿ ಫ್ರಿಜ್ಜಲ್ಲಿ ಜರಡಿ ಮೇಲಿಟ್ರೆ ಬೆಳಿಗ್ಗೆಗೆ ಗಟ್ಟಿಯಾಗಿರುತ್ತೆ, ಎರಡು ಚಮಚ ಹಾಕಿ, ಮೇಲೆ ಹಣ್ಣು, ಬೇಕಿದ್ರೆ ಒಂದು ಟೀ ಚಮಚ ಜೇನುತುಪ್ಪ. ಜೇನು ಒಳ್ಳೇದು ಅಂತ ಸುರೀಬೇಡಿ, ಒಂದು ದೊಡ್ಡ ಚಮಚಕ್ಕೆ 60 ಕ್ಯಾಲರಿ ಮೇಲೇ ಇದೆ. ಇದೆಲ್ಲ ತಿನ್ನೋಕೆ ಕೂತ ಮೇಲೆ ಹಾಕಿ, ಡಬ್ಬಿಗೆ ಕೊಡೋದಾದ್ರೆ ಹಣ್ಣು ಬೇರೆ ಡಬ್ಬಿಲಿ.

ವಾರದ ದಿನ ಇಷ್ಟಕ್ಕೂ ಟೈಮ್ ಇಲ್ಲ ಅಂದ್ರೆ ಭಾನುವಾರ ಡಬಲ್ ಮಾಡಿ, ಪೂರ್ತಿ ಆರಿಸಿ, ಮಧ್ಯೆ ಮಧ್ಯೆ ಬಟರ್ ಪೇಪರ್ ಇಟ್ಟು ಫ್ರೀಜರ್‌ಗೆ ಹಾಕಿ. ಬೆಳಿಗ್ಗೆ ಫ್ರೀಜರ್‌ಯಿಂದ ನೇರ ಟೋಸ್ಟರ್‌ಗೆ, ಇಲ್ದಿದ್ರೆ ಸಣ್ಣ ಉರಿಲಿ ಕಾವಲಿ ಮೇಲೆ ಎರಡೂ ಕಡೆ. ಮೈಕ್ರೋವೇವ್ ಮಾತ್ರ ಬೇಡ, ಮೆತ್ತಗಾಗುತ್ತೆ.

ಇಷ್ಟು ಮಾಡಿನೂ ಅಂಟಿದ್ರೆ ನಿಮ್ಮ ಮೆಷಿನ್ ಪ್ಲೇಟಿನ ಫೋಟೋ ಇಲ್ಲೇ ಹಾಕಿ ಅಕ್ಕ, ಕೋಟಿಂಗ್ ಎದ್ದಿದ್ಯಾ ನೋಡಿ ಹೇಳ್ತೀನಿ. ಮತ್ತೆ ನೀವು ಅಂಟಿದ್ದನ್ನ ತೆಗೆಯೋಕೆ ಸ್ಟೀಲ್ ಚಾಕು ಹಾಕಿದ್ದೆ ಅಂತ ಬರೆದಿದ್ರಿ, ಅದು ಬೇಡ, ಮರದ ಸೌಟಿನ ತುದಿಲಿ ಎಬ್ಬಿಸಿ.